ಒರಳು ಮತ್ತು ಅದಕ್ಕೆ ಅಂಟಿಕೊಂಡ ಮನೆ

ಮಲೆನಾಡಿನಲ್ಲೋ ಕರಾವಳಿಯಲ್ಲೋ ಒಂದು ಹಳೆಯ ಹಂಚಿನ ಮನೆ ಕೊಳ್ಳಲು ಹೊರಡುವ ಬೆಂಗಳೂರಿಗರು ಕೇಳುವ ಪ್ರಶ್ನೆಗಳನ್ನು ಗಮನಿಸಿದರೆ, ಈ ಕ್ಷೇತ್ರದಲ್ಲಿ ಶಾಸ್ತ್ರೀಯ ಅಧ್ಯಯನ ಎಷ್ಟು ಹಿಂದುಳಿದಿದೆ ಎಂಬುದು ತಿಳಿಯುತ್ತದೆ. ಪಕಾಸಿಗೆ ಗೆದ್ದಲು ಹತ್ತಿದೆಯೆ, ಮಳೆಗಾಲದಲ್ಲಿ ಎಷ್ಟು ಕಡೆ ಸೋರುತ್ತದೆ, ಪಹಣಿಯಲ್ಲಿ ಎಷ್ಟು ಜನ ದಾಯಾದಿಗಳು ಕೂತಿದ್ದಾರೆ, ಜಗಲಿಯಲ್ಲಿ ನೆಟ್‌ವರ್ಕ್ ಸಿಗುತ್ತದೆಯೆ, ಇಷ್ಟೇ. ಅಡುಗೆಮನೆಗೆ ಕಾಲಿಟ್ಟ ಮೇಲೆ ಮಾತ್ರ ಅವರ ವರಸೆ ಬದಲಾಗುತ್ತದೆ. ಮೂರು ಕಣ್ಣಿನ ಮಣ್ಣಿನ ಒಲೆ, ಅದರ ಮೇಲೆ ಉಪ್ಪಾಗೆ ಸಿಪ್ಪೆ ಒಣಗಿಸುವ ಮಸಿಹಿಡಿದ ತಟ್ಟಿ, ಮೂಲೆಯಲ್ಲಿ ಹಗ್ಗ ಸಮೇತ ನಿಂತ ಮಜ್ಜಿಗೆ ಕಂಬ, ಸೂರಿನಿಂದ ಇಳಿಬಿದ್ದ ನೆಲುವು, ಒಳಗಿನಿಂದಲೇ ನೀರು ಸೇದುವ ಬಾವಿಕಿಂಡಿ, ನೆಲದಲ್ಲಿ ಅರ್ಧ ಹೂತು ಕೂತ ಒರಳು. ಇವನ್ನು ಕಂಡೊಡನೆ ಪ್ರಶ್ನೆಗಳು ನಿಂತು ಫೋಟೊಗಳು ಶುರುವಾಗುತ್ತವೆ. ವ್ಯಾಪಾರ ಕುದುರುವುದು ಆ ಗಳಿಗೆಯಲ್ಲೇ. ಮಾರುವವರು ಇದನ್ನು ಚೆನ್ನಾಗಿ ಬಲ್ಲರು. ವಿದ್ವಾಂಸರು ಮಾತ್ರ ಏಕೋ ಸುಮ್ಮನಿದ್ದಾರೆ. ಭೂಸುಧಾರಣೆ ಕಾಯಿದೆಯ 79ಎ, 79ಬಿ ಸೆಕ್ಷನ್‌ಗಳು 2020ರಲ್ಲಿ ರದ್ದಾಗಿ, ಕೃಷಿಕರಲ್ಲದವರೂ ತೋಟದ ಸಮೇತ ಮನೆ ಕೊಳ್ಳುವಂತಾದ ಮೇಲೂ ಸುಮ್ಮನಿರುವುದು ಸಲ್ಲ. ಆದ್ದರಿಂದ ಈ ಪ್ರಬಂಧ. ಇದರ ಪ್ರತಿಪಾದ್ಯ ಇಷ್ಟು: ಹಳ್ಳಿಮನೆಯ ವ್ಯವಹಾರದಲ್ಲಿ ಸ್ಥಿರಾಸ್ತಿ ಎಂದರೆ ಒರಳು. ಮನೆ ಎಂಬುದು ಅದಕ್ಕೆ ಅಂಟಿಕೊಂಡಿರುವ, ಬೇಕೆಂದಾಗ ಬಿಚ್ಚಿಕೊಂಡು ಹೋಗಬಹುದಾದ ಚರವಸ್ತು.

ಮೊದಲು ಕಾನೂನನ್ನೇ ನೋಡೋಣ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 3ನೇ ಸೆಕ್ಷನ್ ಭೂಮಿಗೆ ಅಂಟಿದ್ದು ಯಾವುದು ಎಂಬುದನ್ನು ಮೂರು ಬಗೆಯಾಗಿ ವಿವರಿಸುತ್ತದೆ: ಗಿಡಮರಗಳಂತೆ ಬೇರುಬಿಟ್ಟದ್ದು, ಗೋಡೆ ಕಟ್ಟಡಗಳಂತೆ ಹುದುಗಿದ್ದು, ಹಾಗೆ ಹುದುಗಿದ್ದರ ಕಾಯಂ ಅನುಭೋಗಕ್ಕಾಗಿ ಅದಕ್ಕೆ ಜೋಡಿಸಿದ್ದು. 8ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆ ಮಾರಿದಾಗ ಬೀಗ, ಕೀಲಿ, ಅಗುಳಿ, ಬಾಗಿಲು, ಕಿಟಕಿ ಮತ್ತು ಕಾಯಂ ಬಳಕೆಗೆಂದು ಒದಗಿಸಿದ ಇತರ ಎಲ್ಲವೂ ಕೊಂಡವರಿಗೆ ಸೇರುತ್ತವೆ ಎನ್ನುತ್ತದೆ. ಬೀಗದ ಕೀಲಿಯನ್ನು ಹೆಸರು ಹಿಡಿದು ಕರೆದವರು ಒರಳನ್ನು ‘ಇತರ’ರ ಗುಂಪಿಗೆ ತಳ್ಳಿದ್ದಾರೆ. ಆ ಶಾಸನಕರ್ತರಲ್ಲಿ ಒಬ್ಬರೂ ದೋಸೆಹಿಟ್ಟು ರುಬ್ಬಿದವರಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಮ್ಮ ಹಿಂದಿನವರು ಇಂಥ ಪ್ರಮಾದ ಮಾಡಿರಲಿಲ್ಲ. ವಿಜಯನಗರ ಕಾಲದ ದಾನಶಾಸನಗಳಲ್ಲಿ ನೆಲದ ಜೊತೆ ಹಸ್ತಾಂತರವಾಗುವ ಅಷ್ಟಭೋಗಗಳ ಪಟ್ಟಿಯೇ ಇದೆ: ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಮುಂದುವರಿಯುವ ಆ ಎಂಟರಲ್ಲಿ ಮನೆ ಇಲ್ಲ, ಕಲ್ಲು ಇದೆ. ಈ ಪಾಷಾಣವೆಂದರೆ ನೆಲದಲ್ಲಿ ದೊರೆಯುವ ಕಲ್ಲಿನ ಸಂಪತ್ತು ಎಂದು ಶಾಸನತಜ್ಞರು ಅರ್ಥ ಹೇಳುತ್ತಾರೆ. ಪ್ರಬಂಧಕ್ಕೆ ಅನುಕೂಲವಾಗದ ಕಾರಣ ಆ ಅರ್ಥವನ್ನು ಇಲ್ಲಿ ಕೈಬಿಡಲಾಗಿದೆ.

ಇನ್ನು ಪ್ರತ್ಯಕ್ಷ ಪ್ರಮಾಣ. ಮನೆ ಚಲಿಸುತ್ತದೆ ಎಂಬುದನ್ನು ಮಣಿಪಾಲದಲ್ಲಿ ಕಣ್ಣಾರೆ ನೋಡಬಹುದು. ವಿಜಯನಾಥ ಶೆಣೈ ಅವರು ಊರೂರಿನ ಪಾಳುಬೀಳುತ್ತಿದ್ದ ಮನೆಗಳನ್ನು ತೊಲೆ, ಕಂಬ, ಬಾಗಿಲು ಎಂದು ಬಿಡಿಸಿ ತಂದು ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಚೆನ್ನೈ ಬಳಿಯ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆ ಸಮುದ್ರದ ಗಾಳಿ ಕುಡಿಯುತ್ತ ನಿಂತಿದೆ. ಹಂಚಿನ ಮಾತಂತೂ ಹೇಳುವುದೇ ಬೇಡ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಅದು ಹಡಗು ಹತ್ತಿ ದೇಶಾಂತರ ಹೋದ ಸರಕು. ಅದಕ್ಕೆ ಒಂದೇ ಊರಿನ ಸೂರಿನ ಮೇಲೆ ನಿಷ್ಠೆ ಇರಬೇಕೆನ್ನುವುದು ಅನ್ಯಾಯ. ಉಳಿದ ಅಂಗಗಳ ಸಂಚಾರ ಎಲ್ಲರಿಗೂ ಗೊತ್ತಿರುವುದೇ. ತೊಟ್ಟಿಯ ಕಂಬಗಳು ಹೋಟೆಲುಗಳಿಗೆ ಹೋದವು, ಕೆತ್ತನೆಯ ಬಾಗಿಲು ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಯಾವ ಕಡೆಗೂ ತೆರೆಯದೆ ಗೋಡೆಗೆ ಒರಗಿತು, ಬಚ್ಚಲಿನ ತಾಮ್ರದ ಹಂಡೆಯಲ್ಲಿ ಮನಿಪ್ಲಾಂಟ್ ಬೆಳೆಯಿತು. ಉಡುಪಿಯ ಕೃಷ್ಣ ಬಿಗಿಯಾಗಿ ಹಿಡಿದುಕೊಂಡಿದ್ದರಿಂದ ಒಂದು ಕಡಗೋಲು ಉಳಿದಿದೆ. ಮಿಕ್ಕವು ಹಳೆಸಾಮಾನಿನ ಅಂಗಡಿ ಸೇರಿದವು. ಹೀಗೆ ಒಂದೊಂದೇ ಕಳೆಯುತ್ತ ಹೋದರೆ ಕೊನೆಗೆ ನಿವೇಶನದ ನಡುವೆ ಮಳೆನೀರು ತುಂಬಿಕೊಂಡು ಕೂತಿರುವುದು ಒರಳೊಂದೇ. ಯಾವುದು ಕದಲುವುದಿಲ್ಲವೋ ಅದು ಸ್ಥಿರ ಎಂಬುದನ್ನು ಒಪ್ಪಲು ನ್ಯಾಯಶಾಸ್ತ್ರ ಓದಬೇಕಾಗಿಲ್ಲ.

ಅನುಮಾನ ಪ್ರಮಾಣ ಇದಕ್ಕಿಂತಲೂ ಬಲವಾದದ್ದು. ಅನೇಕ ಹಳೆಯ ಅಡುಗೆಮನೆಗಳಲ್ಲಿ ಒರಳಿನ ಅಗಲಕ್ಕೂ ಬಾಗಿಲಿನ ಅಗಲಕ್ಕೂ ತಾಳೆಯಾಗುವುದಿಲ್ಲ. ಬಾಗಿಲಲ್ಲಿ ತೂರದ ಕಲ್ಲು ಒಳಗಿದೆ ಎಂದಾದರೆ, ಕಲ್ಲು ಮೊದಲು ಬಂತು, ಗೋಡೆ ಆಮೇಲೆ ಎದ್ದಿತು ಎಂದೇ ಆಗುತ್ತದೆ. ಅಂದರೆ ಪೂರ್ವಿಕರು ಮನೆ ಕಟ್ಟಿ ಒರಳು ತಂದವರಲ್ಲ. ಒರಳು ಇಳಿಸಿ, ಅದಕ್ಕೆ ಮಳೆ ತಾಗಬಾರದೆಂದು ಸುತ್ತ ಗೋಡೆ ಎತ್ತಿ, ಹೇಗೂ ಗೋಡೆ ಎದ್ದಿದೆಯಲ್ಲ ಎಂದು ಒಳಗೆ ಸಂಸಾರ ಹೂಡಿದವರು. ಬಳ್ಳಾರಿ ಬಳಿಯ ಸಂಗನಕಲ್ಲಿನ ಗುಡ್ಡಗಳೂ ಇದನ್ನೇ ಹೇಳುತ್ತವೆ. ಅಲ್ಲಿನ ನವಶಿಲಾಯುಗದವರ ತಡಿಕೆ ಗುಡಿಸಲುಗಳು ಮಣ್ಣುಪಾಲಾದವು, ಬಂಡೆಯ ಮೇಲೆ ಅವರು ಅರೆದ ಗುಳಿಗಳು ಹಾಗೇ ಇವೆ. ಈ ವ್ಯವಸ್ಥೆಗೆ ಪೆಟ್ಟು ಬಿದ್ದದ್ದು ಕೊಯಮತ್ತೂರಿನಿಂದ. ಒರಳಿನಲ್ಲಿ ಕಲ್ಲು ನಿಲ್ಲುತ್ತದೆ, ಗುಂಡು ತಿರುಗುತ್ತದೆ. ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆದಿರುವ ಕೊಯಮತ್ತೂರು ಗ್ರೈಂಡರಿನಲ್ಲಿ ಗುಂಡು ನಿಂತು ಒರಳೇ ತಿರುಗುತ್ತದೆ. ಕೊಪರ್ನಿಕಸ್ 1543ರಲ್ಲಿ ಆಕಾಶದಲ್ಲಿ ಎಬ್ಬಿಸಿದ ಗಲಾಟೆ ನಮ್ಮ ಅಡುಗೆಮನೆಗೆ ಬರಲು ನಾಲ್ಕು ಶತಮಾನ ಹಿಡಿಯಿತು, ಯಾವ ಮಠವೂ ಇದನ್ನು ಖಂಡಿಸಲಿಲ್ಲ. ಕೇಂದ್ರವೇ ಗಿರಗಿರ ತಿರುಗತೊಡಗಿದ ಮೇಲೆ ಮಕ್ಕಳು ಮೊಮ್ಮಕ್ಕಳು ಊರು ಬಿಟ್ಟು ಚದುರಿದರೆ ಅಚ್ಚರಿಯೇನು?

ಪೂರ್ವಪಕ್ಷಿಗಳು ಇಲ್ಲಿ ಎದ್ದು ನಿಲ್ಲುತ್ತಾರೆ. ಮನೆಯ ಕೇಂದ್ರ ಒಲೆಯಲ್ಲವೆ, ಸಂಸಾರವನ್ನು ಎಣಿಸುವುದೇ ಒಲೆಯ ಲೆಕ್ಕದಲ್ಲಲ್ಲವೆ ಎಂದು ಅವರ ವಾದ. ಇದು ಮೇಲುನೋಟಕ್ಕೆ ಗಟ್ಟಿ. ಆದರೆ ಅಣ್ಣತಮ್ಮಂದಿರು ಪಾಲಾದ ದಿನವೇ ಒಲೆ ಎರಡಾಗುತ್ತದೆ. ಹುತ್ತದ ಮಣ್ಣು ಕಲಸಿ ಇನ್ನೊಂದನ್ನು ಹಾಕಲು ಎಷ್ಟು ಹೊತ್ತು? 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಅಸ್ತ್ರ ಒಲೆ ಬಂದಾಗ ಹಳೆಯ ಒಲೆ ತಕರಾರಿಲ್ಲದೆ ಜಾಗ ಬಿಟ್ಟುಕೊಟ್ಟಿತು, ಗ್ಯಾಸ್ ಬಂದಾಗ ಅಸ್ತ್ರವೂ ಬಿಟ್ಟುಕೊಟ್ಟಿತು. ಒರಳನ್ನು ಪಾಲು ಮಾಡಿದ ಪಂಚಾಯಿತಿದಾರರು ಮಾತ್ರ ಇನ್ನೂ ಹುಟ್ಟಿಲ್ಲ. ನಡುವೆ ಗೋಡೆ ಎದ್ದರೂ ಒರಳು ಗೋಡೆಯ ಯಾವುದೋ ಒಂದು ಬದಿಯಲ್ಲಿ ಇಡಿಯಾಗಿಯೇ ಇರುತ್ತದೆ, ಇನ್ನೊಂದು ಬದಿಯವರು ಅದನ್ನು ಎರಡು ತಲೆಮಾರು ಮರೆಯುವುದಿಲ್ಲ. ಇನ್ನು ಕೆಲವರು ಬಾವಿಯನ್ನು ತೋರಿಸಿ, ಅದಕ್ಕಿಂತ ಸ್ಥಿರ ಯಾವುದಿದೆ ಎನ್ನುತ್ತಾರೆ. ಬಾವಿ ಎಂಬುದು ತೋಡಿದ ಜಾಗದಲ್ಲಿ ಮಣ್ಣು ಇಲ್ಲದಿರುವಿಕೆ. ಅಭಾವವನ್ನು ಕ್ರಯಕ್ಕೆ ಪಡೆಯುವುದು ಹೇಗೆಂದು ತಾರ್ಕಿಕರೇ ಹೇಳಬೇಕು. ಅದರೊಳಗಿನ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಏಪ್ರಿಲ್ ಮೇ ತಿಂಗಳಲ್ಲಿ ಅದು ಚರಾಸ್ತಿ.

ಎಲ್ಲಕ್ಕಿಂತ ಇಕ್ಕಟ್ಟಿನ ಆಕ್ಷೇಪ ರೆಸಾರ್ಟುಗಳಿಂದ ಬರುತ್ತದೆ. ಅಲ್ಲಿನ ಹುಲ್ಲುಹಾಸಿನ ಮೇಲೆ ಹತ್ತಾರು ಒರಳುಗಳು ತಾವರೆ ತುಂಬಿಕೊಂಡು ಸಾಲಾಗಿ ಕೂತಿವೆ. ಅವು ನಡೆದು ಬಂದವೆ? ಇದಕ್ಕೆ ಸಮಾಧಾನ ಉಂಟು. ಅವು ನೆಲಕ್ಕೆ ಹೂಳದ, ಹೊರಗಿನ ಜಗಲಿಯಲ್ಲಿ ಸುಮ್ಮನೆ ಇಟ್ಟಿದ್ದ ಒರಳುಗಳು. ಕಾಯಿದೆ ಕೇಳುವುದು ಹುದುಗಿದೆಯೆ ಎಂದು, ಹುದುಗದ್ದು ಕಲ್ಲೇ ಹೊರತು ಆಸ್ತಿಯಲ್ಲ. ಹೂತದ್ದನ್ನೂ ಜೆಸಿಬಿ ತಂದು ಕಿತ್ತ ಉದಾಹರಣೆಗಳಿವೆಯಲ್ಲ ಎಂದು ಮತ್ತೆ ಕೇಳುವವರಿಗೆ, ಜೆಸಿಬಿಯ ಮುಂದೆ ಗುಡ್ಡವೂ ಚರಾಸ್ತಿಯೇ ಎಂಬುದನ್ನು ಪಶ್ಚಿಮ ಘಟ್ಟದ ಯಾವ ರಸ್ತೆಯಲ್ಲಾದರೂ ಹೋಗಿ ನೋಡಿಕೊಳ್ಳಲು ಸೂಚಿಸಲಾಗಿದೆ. ಕೊಂಡವರು ಒರಳಿನಲ್ಲಿ ಒಂದು ದಿನವೂ ರುಬ್ಬುವುದಿಲ್ಲ, ಹಾಗಿರುವಾಗ ಕಾಯಂ ಅನುಭೋಗ ಎಲ್ಲಿಂದ ಬಂತು ಎಂಬ ಪ್ರಶ್ನೆಗೂ ಉತ್ತರ ಸುಲಭ. ಬಂದ ನೆಂಟರನ್ನೆಲ್ಲ ಮೊದಲು ಕರೆದೊಯ್ಯುವುದು ಒರಳಿನ ಬಳಿಗೆ. ಅವರು ಗುಂಡಿನ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ, ಆಗ ಹಿಂದಿನ ಕಟ್ಟೆಯ ಮೇಲೆ ಮಿಕ್ಸಿ ಕಾಣದಂತೆ ಟವೆಲು ಹೊದಿಸಲಾಗಿರುತ್ತದೆ. ಇದು ಅನುಭೋಗವಲ್ಲದಿದ್ದರೆ ಇನ್ನಾವುದು?

ಈ ಸಿದ್ಧಾಂತದಿಂದ ಕ್ರಯಪತ್ರದ ಒಕ್ಕಣೆಯೇ ಬದಲಾಗಬೇಕಾಗುತ್ತದೆ. ಈಗಿನ ಪತ್ರಗಳು ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ದಾಯಾದಿಯ ತೋಟ ಎಂದು ಸುತ್ತಲಿನದನ್ನು ಬರೆದು ನಡುವಿನದನ್ನು ಬಿಡುತ್ತವೆ. ಇನ್ನು ಮುಂದೆ ‘ಒರಳೊಂದು, ಅದಕ್ಕೆ ಹೊಂದಿಕೊಂಡ ಮನೆ, ಕೊಟ್ಟಿಗೆ, ಬಚ್ಚಲು ಸಹಿತ’ ಎಂದಿರತಕ್ಕದ್ದು. ಮಾರ್ಗಸೂಚಿ ದರವನ್ನೂ ಒರಳಿನ ಬಾಯಿಯ ವಿಸ್ತೀರ್ಣಕ್ಕೆ ಹಾಕಿದರೆ ಶೇಕಡ 5ರ ಮುದ್ರಾಂಕ ಶುಲ್ಕ ಒಂದು ಪ್ಲೇಟು ಮಸಾಲೆದೋಸೆಯ ಬೆಲೆಗೆ ಇಳಿಯುತ್ತದೆ. ಈ ಪ್ರಬಂಧದ ಹಿಂದೆ ಅಂಥ ಉದ್ದೇಶವಿದೆ ಎಂಬ ಗುಮಾನಿಯನ್ನು ಖಂಡಿಸಲಾಗಿದೆ. ಉಪನೋಂದಣಾಧಿಕಾರಿಗಳು ಒಪ್ಪಿದರೂ ತೊಡಕು ಬರುವುದು ಮಾರುವವರ ಕಡೆಯಿಂದ. ಅವರು ವಾದವನ್ನೆಲ್ಲ ಕೊನೆಯವರೆಗೆ ಕೇಳಿ, ‘ಸರಿ ಮಾರಾಯ್ರೇ, ಒರಳು ನಿಮಗೆ ಬರೆದುಕೊಡುತ್ತೇವೆ, ಮನೆಯಲ್ಲಿ ನಾವಿರುತ್ತೇವೆ’ ಎಂದುಬಿಟ್ಟರೆ, ಸಿದ್ಧಾಂತದ ಪ್ರಕಾರ ಕೊಂಡವರು ತಕರಾರೆತ್ತುವಂತಿಲ್ಲ. ಜಗಲಿ ಹಾದು ಒರಳಿನವರೆಗೆ ನಡೆದು ಬರುವ ದಾರಿಯ ಹಕ್ಕು ಅವರಿಗೆ ಇದ್ದೇ ಇರುತ್ತದೆ. ಉದ್ದು ನೆನೆಹಾಕಿ ತರುವ ಖರ್ಚು ಅವರದು.