ಅವಧಿ ಮೀರಿದ ಸಾರಥ್ಯ

ಮೋಟಾರು ವಾಹನ ಕಾಯ್ದೆ, 1988ಕ್ಕೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಚಾಲನಾ ಪರವಾನಗಿಯನ್ನು, ಅಂದರೆ ಜನರ ಬಾಯಲ್ಲಿನ ಡಿಎಲ್ಲನ್ನು, ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲಿನಿಂದ ಹಿಡಿದು ಮುಗಿದ ಒಂದು ವರ್ಷದವರೆಗೂ ನವೀಕರಣಕ್ಕೆ ಕೊಡಬಹುದಾದರೂ, ಕಾರ್ಡಿನ ಮೇಲಿನ ದಿನಾಂಕವನ್ನು ಸವಾರರಿಗಿಂತ ಮೊದಲು ಓದುವವರು ಬಹುತೇಕ ಸಂಚಾರ ಪೊಲೀಸರೇ. ಈ ಔದಾರ್ಯವನ್ನೂ ಮೀರಿದವರು ಮತ್ತೆ ಚಾಲನಾ ಪರೀಕ್ಷೆಗೆ ಒಳಗಾಗಬೇಕಾಗುವುದರಿಂದ, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ವರ್ಷಗಟ್ಟಲೆ ಸ್ಕೂಟರು ನುಗ್ಗಿಸಿ ಪಳಗಿದ ಕೈಯೂ ಮೀಸೆ ಚಿಗುರುತ್ತಿರುವ ಹುಡುಗರ ಸಾಲಿನಲ್ಲಿ ನಿಂತು, ಕಾಲು ನೆಲಕ್ಕೆ ಊರದೆ ಎಂಟರ ಆಕಾರದಲ್ಲಿ ಸುತ್ತಿ ತೋರಿಸಬೇಕಾಗುತ್ತದೆ. ಆ ಜಂಕ್ಷನ್ನಿನಲ್ಲಿ ಎಂಟು ಹಾಕುವಷ್ಟು ಜಾಗ ಎಂದೂ ಸಿಕ್ಕಿರುವುದಿಲ್ಲ ಎಂಬುದು ಬೇರೆ ಮಾತು.

ಇದಕ್ಕಿಂತ ರಸವತ್ತಾದದ್ದು ನಮೂನೆ 1, ಎಂದರೆ ಅರ್ಜಿದಾರನೇ ತನ್ನ ದೇಹಸ್ಥಿತಿಯ ಬಗ್ಗೆ ಬರೆದುಕೊಡುವ ಸ್ವಯಂಘೋಷಣೆ. 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಕಾಣುತ್ತದೆಯೇ ಎಂಬ ಅದರ ಪ್ರಶ್ನೆಯನ್ನು ಪಕ್ಕದವರಿಂದ ಓದಿಸಿಕೊಂಡು, ಧೈರ್ಯವಾಗಿ ‘ಹೌದು’ ಎಂದು ಬರೆಯುವವರೂ ಇಲ್ಲದಿಲ್ಲ. ನಲವತ್ತು ದಾಟಿದವರ ಈ ಆತ್ಮವಿಶ್ವಾಸವನ್ನು ಸರ್ಕಾರ ಪೂರ್ತಿ ನಂಬುವುದಿಲ್ಲವಾದ್ದರಿಂದ, ಅವರು ವೈದ್ಯರ ಪ್ರಮಾಣಪತ್ರವಾದ ನಮೂನೆ 1ಎಯನ್ನೂ ಲಗತ್ತಿಸಬೇಕು. ಓದುಗರು ಈಗಲೇ ಪರ್ಸು ತೆರೆದು ತಮ್ಮ ದಿನಾಂಕವನ್ನೊಮ್ಮೆ ನೋಡಿಕೊಳ್ಳುವುದು ಒಳಿತು.