ಆರನೇ ರಾತ್ರಿ ಎಲ್ಲಿ ಮಲಗ್ತೀರಿ?

ನಿಜ ಹೇಳಿ, ಚೀನಾ ನೋಡ್ಬೇಕು ಅನ್ನೋ ಆಸೆ ನಿಮಗೆ ಹುಟ್ಟಿದ್ದು ಯಾವಾಗ? ಮಿಡ್ಲ್ ಸ್ಕೂಲಲ್ಲಿ ಮಹಾಗೋಡೆ ಪಾಠ ಓದಿದಾಗ ಅಂತ ಸುಳ್ಳು ಬಿಡಬೇಡಿ. ಚೊಂಗ್‌ಚಿಂಗ್ ಊರಲ್ಲಿ ಅಪಾರ್ಟ್‌ಮೆಂಟ್ ಒಳಗಿಂದಾನೇ ಟ್ರೇನ್ ತೂರ್ಕೊಂಡು ಹೋಗುತ್ತಲ್ಲ, ಆ ರೀಲ್ ನೋಡಿದಾಗ. ಅದೂ ರಾತ್ರಿ ಹೊದ್ದು ಮಲಗ್ಕೊಂಡು. ಬೆಳಗಾಗೋದ್ರಲ್ಲಿ ಆಫೀಸಿನ ಕಾಫಿ ಮೆಷಿನ್ ಹತ್ರ "ಈ ಸಲ ಚೀನಾ ಕಣ್ರೀ" ಅಂತ ಘೋಷಣೆನೂ ಆಯ್ತು!

ಕಾಲ ಕೂಡಿಬಂದಿದೆ, ಅದು ನಿಜ. 2020ರಿಂದ ನಿಂತೇಹೋಗಿದ್ದ ನೇರ ವಿಮಾನ 2025ರ ಅಕ್ಟೋಬರ್ 26ಕ್ಕೆ ಕೋಲ್ಕತ್ತಾದಿಂದ ಗುವಾಂಗ್‌ಝೌಗೆ ಮತ್ತೆ ಹಾರ್ತು. ಅದಕ್ಕೂ ಮೊದ್ಲೇ, ಅದೇ ವರ್ಷ ಜನವರಿಯಿಂದ ಏಪ್ರಿಲ್ 9ರೊಳಗೆ ಭಾರತೀಯರಿಗೆ 85,000ಕ್ಕೂ ಹೆಚ್ಚು ವೀಸಾ ಕೊಟ್ಟಿದ್ದೀವಿ ಅಂತ ಚೀನಾದ ರಾಯಭಾರಿನೇ ಹೇಳ್ಕೊಂಡಿದ್ರು. ಅಂದ್ರೆ ವೀಸಾ ಸಿಗುತ್ತೆ. ತೊಡಕು ವೀಸಾದಲ್ಲಿಲ್ಲ ಸ್ವಾಮಿ, ನಿಮ್ಮಲ್ಲಿದೆ.

"ಅಯ್ಯೋ, ವೀಸಾನೇ ಬೇಡ್ವಂತೆ! 240 ಗಂಟೆ ಹಾಗೇ ಬಿಡ್ತಾರಂತೆ!" ಇದನ್ನ ಹೇಳಿದ್ದು ಯಾರು? ನಿಮ್ಮ ಭಾವಮೈದ ತಾನೆ? ಅವನಿರೋದು ನ್ಯೂಜೆರ್ಸಿಯಲ್ಲಿ, ಪಾಸ್‌ಪೋರ್ಟ್ ಅಮೆರಿಕದ್ದು. ಚೀನಾ ಮೇಲಿಂದ ಬೇರೆ ದೇಶಕ್ಕೆ ಹೋಗೋರಿಗೆ ಆ ಹತ್ತು ದಿನದ ಸವಲತ್ತು ಇರೋದು ಹೌದು, ಆದ್ರೆ ಆ ಪಟ್ಟಿಯಲ್ಲಿ ಭಾರತ ಇಲ್ಲ. ಫ್ರಾನ್ಸ್, ಜರ್ಮನಿಯೋರು ಸುಮ್ನೆ ಚೀಲ ಹೆಗಲಿಗೆ ಹಾಕ್ಕೊಂಡು ಹೋಗ್ಬಿಡ್ತಾರೆ. (ಹೊಟ್ಟೆ ಉರೀತಾ? ಉರೀಲಿ. ಫಾರ್ಮ್ ತೆಗೀರಿ.)

ಫಾರ್ಮ್ ಆನ್‌ಲೈನಲ್ಲೇ ತುಂಬೋದು. ಮೊದಲು ಅಕ್ಷರ ಆರಿಸ್ಕೋಬೇಕು. ಪ್ರವಾಸಕ್ಕೆ ಎಲ್, ವ್ಯಾಪಾರಕ್ಕೆ ಎಂ, ಓದೋರಿಗೆ ಎಕ್ಸ್, ಕೆಲಸಕ್ಕೆ ಝಡ್. ನೀವು ಎಲ್ ಅಂತ ಒತ್ತಿದ್ರಿ, ಸರಿ. ಆದ್ರೆ ಎಸ್‌ಪಿ ರೋಡಲ್ಲಿ ಅಂಗಡಿ ಇಟ್ಟಿರೋ ನಿಮ್ಮ ಜೊತೆಗಾರ ಇದಾನಲ್ಲ, ಸರಿಯಾಗಿ ಕ್ಯಾಂಟನ್ ಫೇರ್ ನಡೆಯೋ ವಾರಾನೇ ಗುವಾಂಗ್‌ಝೌನಲ್ಲಿ "ದೇವಸ್ಥಾನ ನೋಡಕ್ಕೆ" ಹೊರಟಿದಾನಲ್ಲ, ಅವನಿಗೆ ಸ್ವಲ್ಪ ಎಂ ತೋರಿಸಿ.

ಆಮೇಲೆ ಶುರು ನೋಡಿ ಪ್ರಶ್ನೆಗಳು. ಅಪ್ಪ, ಅಮ್ಮ, ಗಂಡ, ಹೆಂಡ್ತಿ, ಮಕ್ಕಳು, ಎಲ್ಲರ ವಿವರ. ಎಲ್ಲಿ ಓದಿದ್ರಿ. ಐದು ವರ್ಷದಿಂದ ಎಲ್ಲೆಲ್ಲಿ ಕೆಲಸ ಮಾಡಿದ್ರಿ. ಅಷ್ಟೇ ಆಗಿದ್ರೆ ಪರವಾಗಿರ್ಲಿಲ್ಲ, ನಿಮ್ಮ ಮೇಲಿನೋರ ಹೆಸರು, ಫೋನ್ ನಂಬರ್ ಕೂಡ ಕೇಳ್ತಾರೆ! ಮ್ಯಾನೇಜರ್ ಹತ್ರ "ಊರಲ್ಲಿ ಮನೆದೇವ್ರ ಜಾತ್ರೆ ಸಾರ್" ಅಂತ ರಜ ಬರೆದುಕೊಟ್ಟಿದ್ರಲ್ಲ, ಈಗೇನ್ಮಾಡ್ತೀರಿ?

ಇನ್ನೂ ಇದೆ. ಬಂದೂಕು, ಸ್ಫೋಟಕ, ಅಣು ಸಾಧನ, ಜೈವಿಕ ಮತ್ತೆ ರಾಸಾಯನಿಕ ವಸ್ತು, ಇವುಗಳಲ್ಲಿ ತರಬೇತಿ ಅಥವಾ ವಿಶೇಷ ಪರಿಣತಿ ಉಂಟಾ ಅಂತ ಒಂದು ಪ್ರಶ್ನೆ. ದೀಪಾವಳಿಗೆ ಲಕ್ಷ್ಮಿ ಪಟಾಕಿ ಕೈಯಲ್ಲೇ ಹಚ್ಚಿ ಎಸೆದ ಪರಾಕ್ರಮ ಇಲ್ಲಿ ಬರೆಯೋ ಹಾಗಿಲ್ಲ. ಕೆಮಿಸ್ಟ್ರಿ ಎಂಎಸ್ಸಿ ಮಾಡಿದ ಮೇಷ್ಟ್ರುಗಳ ಧರ್ಮಸಂಕಟ ಮಾತ್ರ ಯಾರಿಗೂ ಬೇಡ.

ಹೆಸರಿನ ಕಥೆ ಹೇಳ್ಲಾ? ಆಧಾರ್‌ನಲ್ಲಿ ಎಚ್.ಕೆ. ಮಂಜುನಾಥ, ಬ್ಯಾಂಕಲ್ಲಿ ಮಂಜುನಾಥ ಎಚ್.ಕೆ., ಪಾಸ್‌ಪೋರ್ಟಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದು ಒಂದು ಮೈಲುದ್ದ, ಸರ್‌ನೇಮ್ ಜಾಗ ಖಾಲಿ. ಇದಕ್ಕೆ ಚೀನಾದೋರು ಏನ್ಮಾಡ್ಬೇಕು ಹೇಳಿ? ಪಾಸ್‌ಪೋರ್ಟಲ್ಲಿ ಹೇಗಿದ್ಯೋ ಹಾಗೇ, ಒಂದಕ್ಷರ ಆಚೀಚೆ ಆಗದ ಹಾಗೆ ಎಲ್ಲಾ ಕಡೆ ತುಂಬಿ. ಟಿಕೆಟ್ಟಲ್ಲೂ ಅದೇ ಇರ್ಲಿ. "ಮಂಜು" ಅಂತ ಬುಕ್ ಮಾಡಿದ್ರೆ ಏರ್‌ಪೋರ್ಟಲ್ಲಿ ಮಂಜು ಕರಗುತ್ತೆ.

ಫೋಟೋ 33 ಮಿಲಿಮೀಟರ್ ಅಗಲ, 48 ಎತ್ತರ, ಹಿಂದೆ ಬಿಳೀ. ಕಿವಿ ಎರಡೂ ಕಾಣ್ಬೇಕು, ಬಾಯಿ ಮುಚ್ಚಿರ್ಬೇಕು. (ಕೊನೆಯದು ನಿಮಗೆ ಕಷ್ಟ, ಗೊತ್ತು.) ಸ್ಟುಡಿಯೋದೋನು ನೀಲಿ ಪರದೆ ಮುಂದೆ ಕೂರಿಸಿ, ಮೈಬಣ್ಣ ಎರಡು ಮೆಟ್ಟಿಲು ಹತ್ತಿಸಿ, ಇಲ್ಲದ ಕೋಟು ತೊಡಿಸಿ ಕೊಟ್ಟ 2016ರ ಫೋಟೋ ಇದೆಯಲ್ಲ ಪರ್ಸಲ್ಲಿ, ಅದು ಪರ್ಸಲ್ಲೇ ಇರ್ಲಿ.

ಬ್ಯಾಂಕ್ ಸ್ಟೇಟ್‌ಮೆಂಟ್ ವಿಷ್ಯ ನಾನೇನೂ ಮಾತಾಡಲ್ಲ. ತಿಂಗಳ ಕೊನೇಲಿ ಮುನ್ನೂರ ಹನ್ನೆರಡು ರೂಪಾಯಿ ಇರೋ ಅಕೌಂಟಿಗೆ ಅರ್ಜಿ ಹಾಕೋ ಹಿಂದಿನ ದಿನ ಅಕ್ಕನ ಕಡೆಯಿಂದ ಎರಡು ಲಕ್ಷ ನೆಂಟರ ಹಾಗೆ ಬಂದು ಕೂತ್ರೆ, ಓದೋರಿಗೆ ಅರ್ಥ ಆಗಲ್ವಾ?

ಈಗ ಬನ್ನಿ ಅಸಲಿಗೆ. ಪ್ರವಾಸದ ವೇಳಾಪಟ್ಟಿ. ಯಾವ ದಿನ ಯಾವ ಊರು, ಯಾವ ಹೋಟೆಲ್, ಅದರ ವಿಳಾಸ, ಹೋಗಿಬರೋ ಟಿಕೆಟ್. ನೀವೋ, ಧರ್ಮಸ್ಥಳಕ್ಕೆ ಅಂತ ಹೊರಟು ಶೃಂಗೇರಿ ಮುಗಿಸಿ ಹೊರನಾಡಲ್ಲಿ ಊಟ ಮಾಡಿ, "ರೂಮು ಹೋದ್ಮೇಲೆ ನೋಡ್ಕೊಳ್ಳೋಣ" ಅನ್ನೋ ವಂಶದೋರು. ಈಗ ಬೀಜಿಂಗ್ ಆಯ್ತು, ಶೀಆನ್‌ನ ಮಣ್ಣಿನ ಸೈನಿಕರೂ ಆಯ್ತು. ಆರನೇ ರಾತ್ರಿ ಎಲ್ಲಿ ಮಲಗ್ತೀರಿ? ಹೇಳಿ, ಹೇಳಿ.

ಗೊತ್ತು ನಿಮ್ಮ ಉಪಾಯ. ಫ್ರೀ ಕ್ಯಾನ್ಸಲೇಷನ್ ಹೋಟೆಲ್ ಹುಡುಕಿ ಬುಕ್ ಮಾಡಿ, ಪ್ರಿಂಟ್ ತೆಗೆದು, ವೀಸಾ ಅಂಟಿದ ತಕ್ಷಣ ಕ್ಯಾನ್ಸಲ್. ಮಾಡಿ ಬೇಕಾದ್ರೆ, ಆದ್ರೆ ಇಳಿದ ಮೇಲೂ ಎಲ್ಲಿ ಉಳ್ಕೋತೀರಿ ಅಂತ ಮತ್ತೆ ಬರೆದುಕೊಡ್ಬೇಕು. ಹೋಟೆಲಾದ್ರೆ ಪೊಲೀಸರಿಗೆ ನಿಮ್ಮ ಲೆಕ್ಕ ಅವರೇ ಕೊಡ್ತಾರೆ. ಅಲ್ಲಿ ಕೆಲಸ ಮಾಡೋ ಸ್ನೇಹಿತನ ಮನೇಲಿ ಇಳಿದ್ರೆ 24 ಗಂಟೆಯೊಳಗೆ ನೀವೇ ಠಾಣೆಗೆ ಹೋಗಿ ನೋಂದಾಯಿಸ್ಬೇಕು. (ಬಾಡಿಗೆ ಉಳಿಸೋಕೆ ಹೊರಟಿದ್ರಲ್ಲ?)

ಇಷ್ಟರಲ್ಲಿ ಮನೆಯಿಂದ ಸೂಚನೆಗಳು ಬರ್ತವೆ. ಅತ್ತೆಯೋರು: "ಹೇಗೂ ಆ ಕಡೆ ಹೋಗ್ತೀರಿ, ಹಾಗೇ ಮಾನಸ ಸರೋವರಾನೂ ಮುಗಿಸ್ಕೊಂಡು ಬನ್ನಿ." ಅತ್ತೆ, ತಿಬೆಟ್ಟಿಗೆ ಈ ವೀಸಾ ಸಾಲದು, ಬೇರೆ ಪರ್ಮಿಟ್ ಬೇಕು, ಅದನ್ನ ಅಲ್ಲಿನ ಟ್ರಾವೆಲ್ ಏಜೆನ್ಸಿ ಮೂಲಕಾನೇ ತಗೋಬೇಕು. ಶಾಂಘೈನಿಂದ ಆಟೋ ಸಿಗಲ್ಲ.

ಮಗಳು: "ಅಪ್ಪಾ, ಮಧ್ಯದಲ್ಲಿ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್!" ಇಲ್ಲೇ ಎಷ್ಟೋ ಜನ ಜಾರಿಬೀಳೋದು. ಗುವಾಂಗ್‌ಝೌನಿಂದ ಹಾಂಗ್‌ಕಾಂಗಿಗೆ ದಾಟಿದ್ರೆ ನೀವು ಚೀನಾದಿಂದ ಹೊರಗೆ ಬಂದ ಲೆಕ್ಕ. ಸಿಂಗಲ್ ಎಂಟ್ರಿ ವೀಸಾ ಅಲ್ಲಿಗೆ ಮುಗೀತು. ವಾಪಸ್ ಬರೋ ವಿಮಾನ ಗುವಾಂಗ್‌ಝೌನಿಂದಾನೇ ಇದ್ರೆ ಮೊದ್ಲೇ ಡಬಲ್ ಎಂಟ್ರಿ ಕೇಳಿರ್ಬೇಕು. ಹಾಂಗ್‌ಕಾಂಗಿಗೆ ನಮ್ಮೋರು ಬೇರೆಯಾಗಿ ಆನ್‌ಲೈನ್ ನೋಂದಣಿನೂ ಮಾಡಿಸ್ಕೊಂಡಿರ್ಬೇಕು, ಮಗಳಿಗೂ ಸೇರಿಸಿ.

ಬೆಂಗಳೂರಲ್ಲಿ ಚೀನಾ ಕಾನ್ಸುಲೇಟ್ ಇಲ್ಲ. ದಿಲ್ಲೀಲಿ ರಾಯಭಾರ ಕಚೇರಿ, ಮುಂಬೈ ಮತ್ತೆ ಕೋಲ್ಕತ್ತಾದಲ್ಲಿ ಕಾನ್ಸುಲೇಟ್. ಹಾಗಾಗಿ ಏಜೆಂಟ್ ಹಿಡೀತೀರಿ, ಅದು ತಪ್ಪಲ್ಲ. ಏಜೆಂಟ್ ತುಂಬಿದ ಫಾರ್ಮನ್ನ ಓದದೆ ಸಹಿ ಹಾಕ್ತೀರಲ್ಲ, ಅದು ತಪ್ಪು. ಅವನ ಕಾಪಿ-ಪೇಸ್ಟಲ್ಲಿ ನಿಮಗೆ ಮೂರನೇ ಮಗು ಹುಟ್ಟಿರುತ್ತೆ.

ವೀಸಾ ಅಂಟಿ ಬಂದ್ಮೇಲೆ ಸ್ಟೇಟಸ್ ಹಾಕೋ ಮುಂಚೆ ಅದನ್ನೂ ಓದಿ. ಅಲ್ಲಿರೋದು ಎರಡು ಬೇರೆ ವಿಷ್ಯ: ಇಂಥ ತಾರೀಖಿನೊಳಗೆ ದೇಶದೊಳಗೆ ಕಾಲಿಡಿ ಅನ್ನೋದೊಂದು, ಕಾಲಿಟ್ಟ ಮೇಲೆ ಇಷ್ಟು ದಿನ ಇರಬಹುದು ಅನ್ನೋದೊಂದು. ಮೂರು ತಿಂಗಳ ಆಚೆಯ ತಾರೀಖು ನೋಡಿ "ಮೂರು ತಿಂಗಳು ಕೊಟ್ಟಿದಾರೆ ಕಣೇ!" ಅಂತ ಕುಣಿಯಬೇಡಿ. ಪಕ್ಕದ ಸಾಲಲ್ಲಿ 30 ದಿನ ಅಂತಿದ್ರೆ ಇರೋಕೆ ಸಿಗೋದು ಮೂವತ್ತೇ.

ಸರಿ, ಮಾತು ಸಾಕು, ಎದ್ದೇಳಿ. ಪಾಸ್‌ಪೋರ್ಟ್ ತೆಗೆದು ಇನ್ನೂ ಆರು ತಿಂಗಳಿಗಿಂತ ಹೆಚ್ಚು ಆಯಸ್ಸು ಇದೆಯಾ, ಖಾಲಿ ಪುಟ ಉಳಿದಿವೆಯಾ ನೋಡಿ. ಬೀರುವಿನಲ್ಲಿ ಸಿಗ್ಲಿಲ್ವಾ? ಎಲ್‌ಐಸಿ ಬಾಂಡ್ ಇಟ್ಟಿರೋ ಕವರಲ್ಲಿ ಹುಡುಕಿ.