ಕೆಂಪು ಟೋಪಿ ಯಾರ ತಲೆಗೆ?

ಬೆಳ್ಳಾವಿ, ಗುಬ್ಬಿ ಕಡೆ ಹಳಬರ ಮುಂದೆ 'ಕಂಪನಿ' ಅಂದರೆ ನಾಟಕದ ಕಂಪನಿ ಅಂತಲೇ ಅರ್ಥ. ಬೆಳ್ಳಾವಿಯ ಹೆಸರು ಹೊತ್ತ ಬೆಳ್ಳಾವೆ ನರಹರಿ ಶಾಸ್ತ್ರಿಗಳ 'ಸದಾರಮೆ' ನಾಟಕದಲ್ಲಿ ಗುಬ್ಬಿ ವೀರಣ್ಣನವರು ಬಯಸಿ ಬಯಸಿ ಕಳ್ಳನ ಪಾರ್ಟು ಹಾಕುತ್ತಿದ್ದರು. ಸಾಫ್ಟ್‌ವೇರ್ ಕಂಪನಿಗಳು ಈಗ ಆಡುತ್ತಿರುವ ನಾಟಕದಲ್ಲಿ ಕಳ್ಳನ ಪಾರ್ಟಿಗೆ ಒಬ್ಬರೂ ಬರುವುದಿಲ್ಲ. ಎಲ್ಲರಿಗೂ ರಾಜಾಪಾರ್ಟೇ ಬೇಕು.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಬರೆದು ಊರಿಗೆಲ್ಲ ಬಿಟ್ಟುಕೊಟ್ಟರು. ಸಾವಿರಾರು ಜನ ಕೈಜೋಡಿಸಿದರು. ಅದನ್ನೆಲ್ಲ ಜೋಡಿಸಿ, ಹತ್ತು ವರ್ಷ ತೂತು ಮುಚ್ಚಿಕೊಡುತ್ತೇನೆಂದು ಮಾತು ಕೊಟ್ಟು ರೆಡ್ ಹ್ಯಾಟ್ ಎಂಬ ಕಂಪನಿ ಚಂದಾ ಎತ್ತಿತು. ತಪ್ಪೇನಿಲ್ಲ, ಅದು ಹುಡುಗಾಟದ ಕೆಲಸವಲ್ಲ. 2019ರಲ್ಲಿ ಐಬಿಎಂ 34 ಶತಕೋಟಿ ಡಾಲರ್ ಸುರಿದು ಈ ಕೆಂಪು ಟೋಪಿಯನ್ನು ಕೊಂಡಿತು.

ಇದೇ ಸರಕಿನ ಲಾಂಛನ ಕೆರೆದು, ಉಳಿದದ್ದನ್ನು ಹಾಗೇ ಕಟ್ಟಿ ಪುಕ್ಕಟೆ ಹಂಚುತ್ತಿದ್ದದ್ದು ಸೆಂಟ್‌ಓಎಸ್. 2014ರಲ್ಲಿ ರೆಡ್ ಹ್ಯಾಟೇ ಅದನ್ನು ದತ್ತು ತೆಗೆದುಕೊಂಡಿತು. 2029ರವರೆಗೆ ಬಾಳಬೇಕಿದ್ದ ಅದರ ಎಂಟನೇ ಆವೃತ್ತಿಗೆ 2021ರ ಡಿಸೆಂಬರ್ 31ಕ್ಕೇ ಎಳ್ಳುನೀರು ಬಿಟ್ಟಿತು. ಖಾಲಿಯಾದ ಜಾಗಕ್ಕೆ ರಾಕಿ, ಆಲ್ಮಾ ಎಂಬ ಹೊಸ ತದ್ರೂಪುಗಳು ಬಂದವು. 2023ರ ಜೂನ್‌ನಲ್ಲಿ ರೆಡ್ ಹ್ಯಾಟಿಗೆ ಸಿಟ್ಟು ನೆತ್ತಿಗೇರಿತು. ಏನೂ ಸೇರಿಸದೆ ಬರೀ ನಕಲು ಕಟ್ಟುವವರಿಂದ ಮುಕ್ತ ತಂತ್ರಾಂಶದ ಕಂಪನಿಗಳಿಗೇ ಅಪಾಯವೆಂದು ಅದರ ಅಧಿಕಾರಿ ಗುಡುಗಿದರು. ಮಾರುವ ಸರಕಿನ ಮೂಲ ಕೋಡ್ ಇನ್ನು ಗಿರಾಕಿಗಳಿಗಷ್ಟೇ ಎಂದಾಯಿತು.

ಲಿನಕ್ಸಿನ ಜಿಪಿಎಲ್ ಪರವಾನಗಿಯ ಪ್ರಕಾರ, ಕೋಡ್ ಪಡೆದವನು ಅದನ್ನು ಯಾರಿಗೆ ಬೇಕಾದರೂ ಹಂಚಬಹುದು. ರೆಡ್ ಹ್ಯಾಟ್ ಇದನ್ನು ಅಲ್ಲಗಳೆಯುವುದಿಲ್ಲ. ಹಂಚಿದವನ ಚಂದಾ ರದ್ದು ಮಾಡುವ ಹಕ್ಕನ್ನು ಮಾತ್ರ ಕರಾರಿನಲ್ಲಿ ಇಟ್ಟುಕೊಂಡಿದೆ. "ಎಲೆ ನಿಮ್ಮದು, ಒಬ್ಬಟ್ಟು ನಿಮ್ಮದು, ಪಕ್ಕದವರಿಗೂ ಧಾರಾಳವಾಗಿ ಕೊಡಿ ಸ್ವಾಮಿ, ನಾಳೆಯಿಂದ ನಿಮಗೆ ಪಂಕ್ತಿಯಲ್ಲಿ ಜಾಗ ಇರುವುದಿಲ್ಲ, ಅಷ್ಟೆ."

ಇನ್ನು ತದ್ರೂಪಿನವರ ಕಡೆಯ ದೊಡ್ಡ ಭಾಗವತರು ಒರಾಕಲ್ ಕಂಪನಿಯವರು. 2006ರಿಂದ ರೆಡ್ ಹ್ಯಾಟಿನದೇ ಪಡಿಯಚ್ಚು ತೆಗೆದು, ಅದಕ್ಕೆ ಸೇವಾಶುಲ್ಕ ವಸೂಲು ಮಾಡುತ್ತಿರುವವರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. 2023ರ ಜುಲೈಯಲ್ಲಿ ಇವರು ಲಿನಕ್ಸ್ ಸದಾ ಮುಕ್ತವಾಗಿರಲಿ ಎಂದು ಹರಿಕಥೆಗೆ ನಿಂತರು. ತಮ್ಮ ಜಾವಾ ತಂತ್ರಾಂಶದ ಸುಮಾರು 11,500 ಸಾಲು ಕದ್ದರೆಂದು ಗೂಗಲ್ ಮೇಲೆ 2010ರಲ್ಲಿ ದಾವೆ ಹೂಡಿ, ಹನ್ನೊಂದು ವರ್ಷ ಕೋರ್ಟು ಸುತ್ತಿ, 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತವರೂ ಇವರೇ! ಸಾಲಿಗಿಷ್ಟು ಎಂದು ಲೆಕ್ಕ ಕೇಳಿದ್ದ ಬಾಯಲ್ಲೇ ಈಗ 'ಎಲ್ಲವೂ ಎಲ್ಲರದು' ಎಂಬ ಪಲ್ಲವಿ. ವೀರಣ್ಣನವರು ಇದ್ದಿದ್ದರೆ ಈ ಪಾರ್ಟನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

'ಪಂಪಭಾರತ'ವನ್ನು ಸಂಪಾದಿಸಿಕೊಟ್ಟ ವೆಂಕಟನಾರಣಪ್ಪನವರೂ ಬೆಳ್ಳಾವೆಯವರೇ. ಪಂಪ ಮಾಡಿದ್ದೇನು? ವ್ಯಾಸರ ಮೂಲ ತೆಗೆದುಕೊಂಡ, ಅರ್ಜುನನಿಗೆ ತನ್ನ ದೊರೆ ಅರಿಕೇಸರಿಯ ಲಾಂಛನ ಅಂಟಿಸಿದ. ದೊರೆ ಮೆಚ್ಚಿ ಒಂದು ಅಗ್ರಹಾರವನ್ನೇ ಕೊಟ್ಟ. ವ್ಯಾಸರು ಚಂದಾ ರದ್ದು ಮಾಡಿದ ದಾಖಲೆ ಇಲ್ಲ.